ಕೇಳಿಸುತ್ತಿದೆಯೆ?

ಕಷ್ಟವನ್ನು ಸಹಿಸುವುದು ಕಠಿಣ. ಅದನ್ನು ಹೇಳಿಕೊಳ್ಳಲು ಸರಿಯಾದ ಬಾಗಿಲನ್ನು ಹುಡುಕುವುದು ಇನ್ನೂ ಕಠಿಣ. ಹಿಂದೆ ಗಡಿಯಾರ ನಿಂತುಹೋದರೆ ಅದನ್ನು ಕೊಂಡ ಅಂಗಡಿಗೇ ಹೋಗಿ, ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಯಜಮಾನನ ಮುಖ ನೋಡಿ ಎರಡು ಮಾತು ಆಡಿ ಬರಬಹುದಾಗಿತ್ತು. ಈಗ ಅಂಗಡಿಯೇ ಕಣ್ಣಿಗೆ ಬೀಳದು, ಯಜಮಾನನು ಸಪ್ತಸಾಗರದಾಚೆ. ಅವನ ಬಾಗಿಲನ್ನು ತಟ್ಟಬೇಕಾದರೆ ಮೊದಲು ಆ ಬಾಗಿಲನ್ನೇ ನಾವು ಕೂಡಿಸಿಕೊಳ್ಳಬೇಕು!

ಮೈಸೂರಿನ ಸರಸ್ವತೀಪುರದಲ್ಲಿದ್ದ ನಿವೃತ್ತ ಮೇಷ್ಟರೊಬ್ಬರಿಗೆ 2012ರ ಡಿಸೆಂಬರಿನಲ್ಲಿ ಈ ಪಾಡು ಒದಗಿತು. ಅವರ ಪತ್ನಿ ಹಸೆಹಾಡಿಗೆ ಹೆಸರಾದವರು. ಬೇಸಗೆಯ ರಜೆಗೆ ಬಂದಿದ್ದ ಮೊಮ್ಮಗ ಅಜ್ಜಿಯ 21 ಹಾಡುಗಳನ್ನು ಧ್ವನಿಮುದ್ರಿಸಿ, ಅಮೆರಿಕದ ಕಂಪೆನಿಯೊಂದರ ಅಂತರ್ಜಾಲ ಭಂಡಾರದಲ್ಲಿ ತಾತನ ಹೆಸರಿನಲ್ಲಿಯೇ ಇಟ್ಟಿದ್ದ. ಆಕೆ ತೀರಿಕೊಂಡ ಮರುವರ್ಷ, ಆ ಖಾತೆಯನ್ನು ತಿಂಗಳ ಕೊನೆಗೆ ಅಳಿಸಿಬಿಡುವುದಾಗಿ ಪತ್ರ ಬಂದಿತು. ಒಳಗೆ ಹೋಗಲು ಬೇಕಾದ ಗುಪ್ತಪದ ಮೊಮ್ಮಗನಿಗೂ ನೆನಪಿರಲಿಲ್ಲ. ಮೂರು ಸಲ ಮಿಂಚಂಚೆ ಬರೆದದ್ದಾಯಿತು. ಮೂರು ಸಲವೂ ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ ಉತ್ತರ. ಕೊನೆಯ ಸಾಲಿನಲ್ಲಿ ಮಾತ್ರ ಗ್ರಾಹಕರ ನೆರವಿಗೆಂದು ಒಂದು ದೂರವಾಣಿ ಸಂಖ್ಯೆ ಇತ್ತು. ಅದು ಅಮೆರಿಕದೊಳಗಿನವರಿಗೆ ಉಚಿತ. ಮೈಸೂರಿನಿಂದ ತಿರುಗಿಸಿದರೆ ದಕ್ಕದು.

“ಅದಕ್ಕೇನು ತಾತ, ಸ್ಕೈಪ್ ಹಾಕಿಬಿಡೋಣ” ಎಂದ ಎದುರುಮನೆಯ ಹುಡುಗ. ಇಂಜಿನಿಯರಿಂಗ್ ಓದುತ್ತಿದ್ದ ಆತನಿಗೆ ಲೋಕದ ಸಕಲ ವ್ಯಾಧಿಗೂ ಏನಾದರೊಂದನ್ನು ‘ಹಾಕಿಬಿಡುವುದೇ’ ಔಷಧ.

ಸ್ಕೈಪ್ ಹುಟ್ಟಿದ್ದು 2003ರಲ್ಲಿ. ಸ್ವೀಡನ್ನಿನವನೊಬ್ಬ, ಡೆನ್ಮಾರ್ಕಿನವನೊಬ್ಬ ಕೂಡಿ ಆರಂಭಿಸಿದ ಈ ಉದ್ಯಮಕ್ಕೆ ತಂತ್ರಾಂಶ ಬರೆದವರು ಎಸ್ಟೋನಿಯ ಎಂಬ ಪುಟ್ಟ ದೇಶದ ಎಂಜಿನಿಯರರು. ಆಡಿದ ಮಾತನ್ನು ಅದು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಇಂಥ ಕರೆಗಳಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತು 50 ತುಂಡುಗಳಾಗುವುದುಂಟು. ಒಂದೊಂದು ತುಂಡೂ ತಲುಪಬೇಕಾದ ವಿಳಾಸವನ್ನು ಹೊತ್ತು, ಸಮುದ್ರದಡಿಯ ಗಾಜಿನ ಎಳೆಗಳಲ್ಲಿ ಬೆಳಕಾಗಿ ಓಡಿ, ಆಚೆ ದಡದಲ್ಲಿ ಮತ್ತೆ ಮಾತಾಗುತ್ತದೆ. ತಡವಾಗಿ ಬಂದ ತುಂಡಿಗೆ ಅಲ್ಲಿ ಸ್ಥಳವಿಲ್ಲ; ಮದುವೆ ಮುಗಿದ ಮೇಲೆ ಬಂದ ನೆಂಟನಂತೆ ಅದು ಹೊರಗೇ ಉಳಿಯುತ್ತದೆ. ಮಾತು ನಡುನಡುವೆ ಮುರಿದಂತೆ ಕೇಳುವುದು ಇದರಿಂದಲೇ. ಅಮೆರಿಕದ ಉಚಿತ ಸಂಖ್ಯೆಗಳಿಗೆ ಸ್ಕೈಪಿನಿಂದ ಬಿಡಿಕಾಸೂ ತೆರದೆ ಮಾತನಾಡಬಹುದಾಗಿತ್ತು. ಟ್ರಂಕ್ ಕಾಲ್ ಕಾದಿರಿಸಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತಿದ್ದ ಮೇಷ್ಟರಿಗೆ ಇದು ನಂಬಲಾಗದ ಸಂಗತಿ.

ತಂತ್ರಾಂಶ ಇಳಿಯಿತು, ಹೊಸ ಖಾತೆಯಾಯಿತು. ಅದಕ್ಕೂ ಒಂದು ಗುಪ್ತಪದ! ಮೇಷ್ಟರು ಈ ಸಲ ಎಚ್ಚರಗೊಂಡು ಅದನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟರು. ಬಳಿಕ ಪರೀಕ್ಷೆ. ಸ್ಕೈಪಿನಲ್ಲಿ ಪ್ರತಿಧ್ವನಿಯ ಕರೆಯೆಂಬುದೊಂದಿತ್ತು. ಹೆಣ್ಣುದನಿಯೊಂದು ಮಾತನಾಡೆಂದು ಹೇಳುತ್ತದೆ. ಹತ್ತು ಸೆಕೆಂಡು ಆಡಿದ್ದನ್ನು ಆಡಿದವರಿಗೇ ಹಿಂದಕ್ಕೆ ಕೇಳಿಸುತ್ತದೆ. ಮೊದಲ ಸಲ ಏನೂ ಕೇಳಲಿಲ್ಲ. ಕಿವಿಗೆ ತೊಡಿಸಿದ ಮೈಕನ್ನು ಬಿಟ್ಟು ಕಂಪ್ಯೂಟರು ಇನ್ನಾವುದಕ್ಕೋ ಕಿವಿಗೊಟ್ಟಿತ್ತು. ಹುಡುಗ ಅದನ್ನು ಸರಿಪಡಿಸಿದ. ಎರಡನೆಯ ಸಲ ಮೇಷ್ಟರು ಗಂಟಲು ಸರಿಮಾಡಿಕೊಂಡು, ತಮ್ಮ ಅಹವಾಲನ್ನು ವ್ಯಾಕರಣಶುದ್ಧವಾದ ಇಂಗ್ಲಿಷಿನಲ್ಲಿ ವಿನಯಪೂರ್ವಕವಾಗಿ ಆರಂಭಿಸಿದರು. ಪೀಠಿಕೆ ಮುಗಿಯುವುದರೊಳಗೆ ಹತ್ತು ಸೆಕೆಂಡು ಮುಗಿದು, ಅವರ ಪೀಠಿಕೆಯೇ ಅವರಿಗೆ ಮರಳಿತು.

“ನಮ್ಮ ಇಲಾಖೆಗೆ ಬರೆದ ಅರ್ಜಿಗಳೂ ಹೀಗೆಯೇ ಹಿಂದಿರುಗುತ್ತಿದ್ದವು” ಎಂದು ಮೇಷ್ಟರು ನಕ್ಕರು. ಆದರೆ ಆ ನಗುವಿನಲ್ಲಿ ನೋವಿತ್ತು. ಯಾರೂ ಇಲ್ಲದ ಮನೆಯಲ್ಲಿ ತಮ್ಮ ದನಿಯೇ ತಮಗೆ ಮರಳುವ ಅನುಭವ ಅವರಿಗೆ ಹೊಸದಾಗಿರಲಿಲ್ಲ.

ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗಿನ ಒಂಬತ್ತು ಗಂಟೆಯಾದಾಗ, ಚಳಿಗಾಲದಲ್ಲಿ, ನಮ್ಮಲ್ಲಿ ರಾತ್ರಿ ಹತ್ತೂವರೆ. ಹುಡುಗ ಕರೆ ಜೋಡಿಸಿದ. ಯಂತ್ರದ ದನಿ ಸ್ವಾಗತಿಸಿತು. ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಳ್ಳಬಹುದೆಂದು ಎಚ್ಚರಿಸಿತು. ಖಾತೆಯ ವಿಷಯಕ್ಕೆ 2ನ್ನು ಒತ್ತಬೇಕೆಂದಿತು. ಒತ್ತುವುದೆಲ್ಲಿ? ಪರದೆಯ ಮೇಲೆ ಅಂಕಿಗಳ ಪಟ್ಟಿಯನ್ನು ಹುಡುಕುವಷ್ಟರಲ್ಲಿ ಕರೆ ಕಡಿಯಿತು. ಎರಡನೆಯ ಯತ್ನದಲ್ಲಿ 2 ಸಿಕ್ಕಿತು. ನಲವತ್ತು ನಿಮಿಷ ಸಂಗೀತ ನುಡಿಯಿತು. ಅನಂತರ ಒಬ್ಬ ಮನುಷ್ಯನ ದನಿ.

“ಕೇಳಿಸುತ್ತಿದೆಯೆ?” ಮೇಷ್ಟರು ಗಾಬರಿಯಲ್ಲಿ ಕನ್ನಡದಲ್ಲಿಯೇ ಕೇಳಿ, ಒಡನೆ ತಿದ್ದಿಕೊಂಡು ಇಂಗ್ಲಿಷಿಗೆ ಇಳಿದರು. ಆಚೆಯವನು ಒಂದು ಕ್ಷಣ ಸುಮ್ಮನಿದ್ದು, ಅಮೆರಿಕದ ಧಾಟಿಯಲ್ಲಿ ಒಂದು ಆಂಗ್ಲ ಹೆಸರನ್ನು ತನ್ನದೆಂದು ಹೇಳಿದ. ಮೇಷ್ಟರ ಹೆಸರಿಗೆ ಮೊದಲು ಅವರ ಊರಿನ ಹೆಸರಿದೆ, ಹೊಳಲ್ಕೆರೆ. ಅದನ್ನು ಬಿಡಿಸಿ ಹೇಳಲು ಅವರು ಸಿದ್ಧರಾಗುತ್ತಿರುವಾಗಲೇ ಆತ ತಾನೇ ಓದಿದ. ಳಕಾರ ಳಕಾರವಾಗಿಯೇ ಬಂದಿತು! ಖಾತೆಯಲ್ಲಿ ಏನಿದೆಯೆಂದು ಗುರುತಿಗಾಗಿ ಕೇಳಿದ. “ನನ್ನ ಹೆಂಡತಿಯ ಹಾಡುಗಳು” ಎಂದರು ಮೇಷ್ಟರು. ಹಸೆಗೆ ಕರೆಯುವ ಹಾಡು, ಎಣ್ಣೆಶಾಸ್ತ್ರದ ಹಾಡು ಎಂದು ಒಂದೊಂದಾಗಿ ಹೆಸರಿಸತೊಡಗಿದರು. ನಾಲ್ಕನೆಯದಕ್ಕೆ ದನಿ ನಿಂತುಹೋಯಿತು.

ಆಚೆಯವನು ಅವಸರಪಡಿಸಲಿಲ್ಲ. ಹುಡುಗನ ಮಿಂಚಂಚೆಯನ್ನು ಕೇಳಿ ಬರೆದುಕೊಂಡು, ಹೊಸ ಗುಪ್ತಪದಕ್ಕೆ ದಾರಿ ಮಾಡಿಕೊಟ್ಟ. ನಿಯಮದ ವಂದನೆಗಳೆಲ್ಲ ಇಂಗ್ಲಿಷಿನಲ್ಲಿ ಮುಗಿದವು. ಬಳಿಕ ತಗ್ಗಿದ ದನಿಯೊಂದು ಕೇಳಿಸಿತು:

“ಹಾಡು ಎಲ್ಲೂ ಹೋಗಲ್ಲ ಸಾರ್. ಹೊತ್ತಾಯ್ತು, ಮಲಗಿ.”

ಅಮೆರಿಕದಲ್ಲಿ ಆಗ ಹೊತ್ತೇರಿ ಬಿಸಿಲು. ಹೊತ್ತಾಗಿದ್ದದ್ದು ಇಲ್ಲಿ. ಸಾಗರಗಳನ್ನು ದಾಟಿ ಭೂಮಿಯ ಅರ್ಧ ಸುತ್ತಿದ ಮೇಷ್ಟರ ಮಾತು ತಿರುಗಿ ಬಂದು, ಬಹುಶಃ 150 ಕಿಲೋಮೀಟರಿನೊಳಗೆ, ಬೆಂಗಳೂರಿನ ಯಾವುದೋ ದೀಪದ ಕೆಳಗೆ ನಿದ್ದೆಗೆಟ್ಟು ಕುಳಿತ ಹುಡುಗನೊಬ್ಬನ ಕಿವಿಯನ್ನು ಸೇರಿತ್ತು. ಆತನ ಆ ಎರಡು ಕನ್ನಡದ ಮಾತುಗಳೂ ಧ್ವನಿಮುದ್ರಿತವಾಗಿರಬೇಕು; ಅದಕ್ಕಾಗಿ ಆತ ಯಾರಿಗೆ ಸಮಾಧಾನ ಹೇಳಬೇಕಾಯಿತೋ!

ಸ್ಕೈಪ್ 2025ರ ಮೇ 5ರಂದು ನಿಂತುಹೋಯಿತು. ಈಗ ಬೇರೆ ಸಾಧನಗಳು ಬಂದಿವೆ. ಎಷ್ಟೋ ಕಡೆ ನೆರವಿನ ಮೊದಲ ಮಾತನ್ನು ಯಂತ್ರವೇ ಆಡುತ್ತದೆ, ಬಹು ಚೆನ್ನಾಗಿಯೂ ಆಡುತ್ತದೆ. ಆದರೆ ಯಾವ ಸಾಧನವಾದರೂ ಕರೆ ಕೂಡಿದೊಡನೆ ಮನುಷ್ಯ ಮೊದಲು ಕೇಳುವುದು ಅದೇ ಪ್ರಶ್ನೆ. ಆಡಿದ್ದನ್ನು ಹಿಂದಿರುಗಿಸುವುದು ಪ್ರತಿಧ್ವನಿ. ಆಡಲಾಗದೆ ಉಳಿದದ್ದಕ್ಕೂ ಕಿವಿಗೊಡುವುದು ಉತ್ತರ. ಆ ರಾತ್ರಿ ಮೇಷ್ಟರಿಗೆ ಉತ್ತರ ಸಿಕ್ಕಿತು. ಅವರು ಮಾತ್ರ ಹೇಳಿದಂತೆ ಮಲಗಲಿಲ್ಲ. 21 ಹಾಡು ಮುಗಿಯುವಾಗ ಬೀದಿಯಲ್ಲಿ ಹಾಲಿನವನ ಗಂಟೆ ಕೇಳಿಸಿತು.