ಒಟ್ಟಾವಾದಲ್ಲಿ ಕೊನೆಯ ಮೂರು ವಾರ

ಹೊಳೆಯೊಂದು ಎರಡು ಭಾಷೆಗಳ ನಡುವೆ ಹರಿಯುವುದೆಂದರೆ ಏನೆಂಬುದನ್ನು ಚಂದ್ರಗಿರಿಯ ಬಡಗು ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ 2025ರ ಏಪ್ರಿಲ್ ತಿಂಗಳ ಒಂದು ಅಪರಾಹ್ನ, ಕೆನಡಾದ ರಾಜಧಾನಿಯಾದ ಒಟ್ಟಾವಾ ನಗರದಲ್ಲಿ, ಹಿಮ ಕರಗಿದ ನೀರಿನಿಂದ ಮೈದುಂಬಿದ್ದ ಅದೇ ಹೆಸರಿನ ನದಿಯನ್ನು ಪೋರ್ಟೇಜ್ ಸೇತುವೆಯ ಮೇಲೆ ಮಗಳೊಡನೆ ನಡೆದು ದಾಟಿದಾಗ ನಮಗೆ ಸೋಜಿಗವೇ ಆಯಿತು. ಈಚೆಯ ದಡ ಒಂಟಾರಿಯೋ ಪ್ರಾಂತ; ಅಲ್ಲಿ ಬಹುಜನರ ಭಾಷೆ ಇಂಗ್ಲಿಷ್. ಆಚೆಯ ದಡ ಕ್ವಿಬೆಕ್, ಅಲ್ಲಿ ಫ್ರೆಂಚ್. ಸೇತುವೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ವಾಹನಗಳನ್ನು ತಡೆದು ನಿಲ್ಲಿಸುವ ಕೆಂಪು ಫಲಕವು ‘ಸ್ಟಾಪ್’ ಎಂಬ ಮಾತನ್ನೇ ಬಿಟ್ಟು ‘ಆರೆ’ ಎಂದಷ್ಟೇ ಹೇಳತೊಡಗಿತು. ಮನೆಯಾಕೆ ಅದರ ಕೆಳಗೆ ನಿಂತು, “ಇದು ನಮ್ಮ ತಲಪಾಡಿಯೇ ಸರಿ” ಎಂದಳು.

ನಾವು ಅಲ್ಲಿಗೆ ಹೋದುದು ಊರು ನೋಡುವ ಚಪಲದಿಂದಲ್ಲ. ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗದಲ್ಲಿರುವ ಮಗಳು, ವಿದ್ಯಾರ್ಥಿಗಳ ಪರಸ್ಪರ ವಿನಿಮಯದ ಏರ್ಪಾಟಿನಂತೆ ಜನವರಿಯಿಂದ ಏಪ್ರಿಲ್ ಕೊನೆಯವರೆಗಿನ ಒಂದು ಸೆಮಿಸ್ಟರನ್ನು ಒಟ್ಟಾವಾ ವಿಶ್ವವಿದ್ಯಾನಿಲಯದಲ್ಲಿ ಕಳೆಯಲು ಹೋಗಿದ್ದಳು. ಆರು ತಿಂಗಳು ಮೀರದ ವ್ಯಾಸಂಗಕ್ಕೆ ಆ ದೇಶದಲ್ಲಿ ಅಧ್ಯಯನದ ಪ್ರತ್ಯೇಕ ಪರವಾನಗಿ ಬೇಡ; ಸಂದರ್ಶಕರ ವೀಸಾ ಸಾಕು. ಆದರೆ ದುಡಿದು ಸಂಪಾದಿಸುವ ಹಕ್ಕು ಅದರಲ್ಲಿಲ್ಲ. ಆದುದರಿಂದ ನಮ್ಮ ಅಡಿಕೆಯ ಒಂದು ಫಸಲು ಅಲ್ಲಿಯ ಕೋಣೆಯ ಬಾಡಿಗೆಗೆ ಸಂದಿತೆಂದರೆ ಉತ್ಪ್ರೇಕ್ಷೆಯಲ್ಲ. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದು. ಮಾರ್ಚ್ ತಿಂಗಳ ಎರಡನೆಯ ಭಾನುವಾರ ದೇಶಕ್ಕೆ ದೇಶವೇ ಗಡಿಯಾರವನ್ನು ಒಂದು ಗಂಟೆ ಮುಂದೂಡಿಕೊಂಡಾಗ (ಸಸ್ಕಾಚುವಾನಿನಂಥ ಕೆಲವು ಪ್ರದೇಶಗಳು ಒಪ್ಪದಿರುವುದು ಬೇರೆ ಮಾತು) ಅಂತರ ಒಂಬತ್ತೂವರೆ ಗಂಟೆಗೆ ಇಳಿಯಿತು. ನಮ್ಮ ಸಂಜೆಯ ದೀಪದ ಹೊತ್ತಿಗೆ ಅವಳು ಕಾಫಿ ಕುಡಿಯುತ್ತಾ ಮಾತನಾಡುತ್ತಿದ್ದಳು. ಫೆಬ್ರವರಿಯವರೆಗೆ ಮಾತೆಲ್ಲ ಚಳಿಯದು, ಊಟದ್ದು. ಮಾರ್ಚಿನಲ್ಲೊಂದು ದಿನ, ಅಲ್ಲಿಯ ಪ್ರಾಧ್ಯಾಪಿಕೆಯೊಬ್ಬರು ತನ್ನನ್ನು ಡಾಕ್ಟರೇಟ್ ಅಧ್ಯಯನಕ್ಕೆ ಅರ್ಜಿ ಹಾಕುವಂತೆ ಹೇಳಿದ್ದಾರೆಂದಳು. ಮನೆಯಾಕೆ ಆ ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆಯ ಮೂರು ವಾರ ಅವಳ ಬಳಿ ಇದ್ದು ಜೊತೆಯಾಗಿ ಮರಳಿದರಾಯಿತೆಂದು ನಾವು ಹೊರಟೆವು. ಒಳಗಿನ ಉದ್ದೇಶವನ್ನು ಓದುಗರು ಊಹಿಸಬಲ್ಲರು.

ಏಪ್ರಿಲ್ ತಿಂಗಳಲ್ಲಿ ಒಟ್ಟಾವಾ ಚೆಲುವಾದ ಊರೆಂದು ನಾವು ಹೇಳಲಾರೆವು. ಮರಗಳಲ್ಲಿ ಒಂದು ಎಲೆಯಿಲ್ಲ. ಹಿಮ ಬಿಟ್ಟುಹೋದ ಹುಲ್ಲು ಬೈಹುಲ್ಲಿನ ಬಣ್ಣದ್ದು. ವಿಶ್ವವಿದ್ಯಾನಿಲಯದ ಮಗ್ಗುಲಲ್ಲೇ ಹಾದುಹೋಗುವ ಪ್ರಸಿದ್ಧ ರಿಡೋ ಕಾಲುವೆಯಲ್ಲಿ ಚಳಿಗಾಲಕ್ಕೆಂದು ನೀರು ತಗ್ಗಿಸಿದ್ದವರು ಇನ್ನೂ ತುಂಬಿರಲಿಲ್ಲ. ಕೆಸರೂ ಕಲ್ಲೂ ಕಾಣುತ್ತಿದ್ದವು. ಇದೇ ಕಾಲುವೆ ಹೆಪ್ಪುಗಟ್ಟಿದಾಗ 7.8 ಕಿಲೋಮೀಟರು ಉದ್ದಕ್ಕೆ ಜನ ಅದರ ಮೇಲೆ ಜಾರುಮೆಟ್ಟು ತೊಟ್ಟು ಓಡಾಡುತ್ತಾರೆ. ಮಗಳೂ ಜನವರಿಯಲ್ಲಿ ಬಿದ್ದೆದ್ದು ಕಲಿತಳಂತೆ. 2022–23ರ ಚಳಿಗಾಲದಲ್ಲಿ ಮಾತ್ರ ಮಂಜು ಸಾಕಷ್ಟು ಗಟ್ಟಿಯಾಗದೆ ಈ ಜಾರುದಾರಿ ಒಂದು ದಿನವೂ ತೆರೆಯಲಿಲ್ಲ; 1970ರ ದಶಕದ ಆರಂಭದಲ್ಲಿ ಈ ವ್ಯವಸ್ಥೆ ಹುಟ್ಟಿದ ಮೇಲೆ ಹಾಗಾದುದು ಅದೇ ಮೊದಲು. ಅಮೆರಿಕದವರ ದಾಳಿಯಾದೀತೆಂಬ ಭಯದಿಂದ, ಗಡಿಯ ನದಿಯನ್ನು ಬಿಟ್ಟು ಒಳನಾಡಿನಲ್ಲೊಂದು ಜಲಮಾರ್ಗ ಬೇಕೆಂದು ಬ್ರಿಟಿಷರು 1826ರಿಂದ 1832ರವರೆಗೆ ಇದನ್ನು ಕಿಂಗ್‌ಸ್ಟನ್ ನಗರದವರೆಗೆ 202 ಕಿಲೋಮೀಟರು ತೋಡಿಸಿದರು. ಆ ಕೆಲಸದಲ್ಲಿ ಸತ್ತ ಕೂಲಿಯವರ ಸಂಖ್ಯೆ ಸಾವಿರದಷ್ಟೆಂದು ಅಂದಾಜು. ಅವರನ್ನು ಕೊಂದ ರೋಗಗಳಲ್ಲಿ ಮಲೇರಿಯ ಮುಖ್ಯವಾದುದು! ಆ ಶೀತದೇಶದಲ್ಲಿ ಮಲೇರಿಯವೇ ಎಂದು ನಾವು ಬಾಯಿ ಮೇಲೆ ಬೆರಳಿಟ್ಟೆವು.

ಮಗಳಿಗೆ ಪರೀಕ್ಷೆಯ ದಿನಗಳು. ನಾವು ಅವಳಿಗೆ ಗಂಜಿ, ಸಾರು ಮಾಡಿಕೊಟ್ಟು, ಉಳಿದ ಹೊತ್ತು ಸ್ಯಾಂಡಿ ಹಿಲ್ ಎಂಬ ಆ ವಿದ್ಯಾರ್ಥಿಗಳ ಬೀಡಿನಲ್ಲಿ ಸುತ್ತಾಡುತ್ತಿದ್ದೆವು. ಅಲ್ಲಿಯ ಬೀದಿಯ ಫಲಕಗಳಲ್ಲಿ ಹೆಸರು ನಡುವೆ ಇದ್ದು, ಬೀದಿಯೆಂಬ ಅರ್ಥದ ಫ್ರೆಂಚ್ ಮಾತು ಮುಂದೆಯೂ ಇಂಗ್ಲಿಷ್ ಮಾತು ಹಿಂದೆಯೂ ನಿಂತಿರುತ್ತವೆ. 1848ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯದಲ್ಲಿ ಪಾಠ ಯಾವ ಭಾಷೆಯಲ್ಲೇ ಆಗಲಿ, ಭಾಷಾಬೋಧನೆಯಂಥ ಕೆಲವು ತರಗತಿಗಳ ಹೊರತು, ವಿದ್ಯಾರ್ಥಿಯು ಪರೀಕ್ಷೆಯ ಉತ್ತರವನ್ನು ಫ್ರೆಂಚ್ ಅಥವಾ ಇಂಗ್ಲಿಷ್ ತನಗೆ ಬೇಕಾದುದರಲ್ಲಿ ಬರೆಯಬಹುದು. ಇದನ್ನು ಕೇಳಿ, ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮನೆಯಾಕೆಯ ಕಣ್ಣು ಅರಳಿದವು. ನಮ್ಮಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದ ಮಗುವಿಗೆ ಅಲ್ಲಿಂದ ಮುಂದಿನ ದಾರಿ ಎಷ್ಟು ಕಿರಿದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕೆ? ನಾವಿದ್ದಾಗಲೇ ಆ ದೇಶದಲ್ಲಿ ಚುನಾವಣೆಯ ಭರಾಟೆ. ಪಕ್ಷಗಳ ನಾಯಕರ ಚರ್ಚೆ ಏಪ್ರಿಲ್ 16ರಂದು ಫ್ರೆಂಚಿನಲ್ಲಿ, ಮರುದಿನ ಇಂಗ್ಲಿಷಿನಲ್ಲಿ ನಡೆಯಿತು. ಫ್ರೆಂಚ್ ಚರ್ಚೆಯನ್ನು ಎರಡು ಗಂಟೆ ಮುಂಚಿತವಾಗಿ ನಡೆಸಬೇಕಾಯಿತು. ಆ ರಾತ್ರಿ ಮಾಂಟ್ರಿಯಲ್ ತಂಡದ ಹಾಕಿ ಪಂದ್ಯವಿತ್ತು. ಭಾಷಾಭಿಮಾನಕ್ಕೂ ಮೇಲಾದದ್ದು ಒಂದುಂಟೆಂದು ಅಂದು ತಿಳಿಯಿತು.

ಕೊನೆಯ ಪರೀಕ್ಷೆ ಮುಗಿದ ಸಂಜೆ ಮಗಳು ನಮ್ಮನ್ನು ಮರ್ರೀ ಬೀದಿಯ ಒಂದು ಹಳೆಯ ಕಟ್ಟಡದ ಮುಂದೆ ಕರೆದೊಯ್ದಳು. ಗೀಗ್ ಶಾಲೆಯೆಂದು ಅದರ ಹೆಸರು. ಈಗ ಅಲ್ಲಿ ಶಾಲೆಯಿಲ್ಲ. ವಾಸದ ಮನೆಗಳೂ ಫ್ರೆಂಚ್ ಭಾಷೆಯ ವೃದ್ಧರ ಹಗಲು ಕೇಂದ್ರವೂ ಇವೆ. 1912ರಲ್ಲಿ ಒಂಟಾರಿಯೋ ಸರಕಾರವು ಹದಿನೇಳನೆಯ ನಿಯಮವೆಂಬ ಆಜ್ಞೆ ಹೊರಡಿಸಿ, ಮೊದಲೆರಡು ತರಗತಿಗಳ ಬಳಿಕ ಮಕ್ಕಳಿಗೆ ಫ್ರೆಂಚ್ ಮಾಧ್ಯಮದಲ್ಲಿ ಪಾಠ ಹೇಳಕೂಡದೆಂದಿತು. ಅದರ ವಿರುದ್ಧ ಹೋರಾಡಲೆಂದೇ 1913ರಲ್ಲಿ ಒಟ್ಟಾವಾದಲ್ಲಿ ‘ಲ ದ್ರುವಾ’ ಎಂಬ ಪತ್ರಿಕೆ ಹುಟ್ಟಿತು. ಆ ಹೆಸರಿಗೆ ಹಕ್ಕು ಎಂದರ್ಥ. ಬೇಯಾತ್ರಿಸ್ ಮತ್ತು ದಿಯಾನ್ ದೆಲೋಜ್ ಎಂಬ ಅಕ್ಕತಂಗಿಯರು ಆಜ್ಞೆಯನ್ನು ಲೆಕ್ಕಿಸದೆ ಫ್ರೆಂಚಿನಲ್ಲೇ ಕಲಿಸಿದರು, ಕೆಲಸದಿಂದ ತೆಗೆಯಲ್ಪಟ್ಟರು. 1916ರ ಜನವರಿಯ ಕೊರೆಯುವ ಚಳಿಯಲ್ಲಿ ಮಕ್ಕಳ ತಾಯಂದಿರು ಅವರಿಬ್ಬರನ್ನು ಗೀಗ್ ಶಾಲೆಗೆ ಮರಳಿ ಕರೆತಂದು, ಬಾಗಿಲಲ್ಲಿ ಕಾವಲು ನಿಂತರು. ಪೋಲೀಸರು ಬಂದಾಗ ಅವರ ಕೈಯಲ್ಲಿದ್ದ ಆಯುಧಗಳು ಕತ್ತರಿ, ಲಟ್ಟಣಿಗೆ, ಟೊಪ್ಪಿಯನ್ನು ಕೂದಲಿಗೆ ಸಿಕ್ಕಿಸುವ ಉದ್ದನೆಯ ಸೂಜಿಗಳು! ನಿಯಮ 1927ರಲ್ಲಿ ಸಡಿಲಗೊಂಡು 1944ರಲ್ಲಿ ತಾನಾಗಿ ಲುಪ್ತವಾಯಿತು. 2016ರ ಫೆಬ್ರವರಿಯಲ್ಲಿ, ಸೂಜಿ ಹಿಡಿದು ನಿಂತ ನೂರು ವರ್ಷದ ಬಳಿಕ, ಪ್ರಾಂತದ ಮುಖ್ಯಮಂತ್ರಿಣಿ ಕ್ಯಾಥ್ಲೀನ್ ವಿನ್ ಶಾಸನಸಭೆಯಲ್ಲಿ ಕ್ಷಮೆ ಕೇಳಿದರು.

ಮನೆಯಾಕೆ ಆ ಬಾಗಿಲನ್ನು ಬಹಳ ಹೊತ್ತು ನೋಡಿದಳು. ನಮ್ಮ ಸೀಮೆಯಲ್ಲೂ ಕನ್ನಡ ತರಗತಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾಗಿ ಬಂದಾಗ ತಾಯಂದಿರು ಶಾಲೆಯ ಅಂಗಳದಲ್ಲಿ ಕುಳಿತದ್ದುಂಟು. ಅವಳ ಕೊನೆಯ ವರ್ಷಗಳಲ್ಲಿ ಕುಳಿತವರೆಷ್ಟು ಮಂದಿಯೆಂದು ಅವಳೇ ಬಲ್ಲಳು.

ಒಂದು ಭಾನುವಾರ ಮಗಳ ಸಹಪಾಠಿಯೊಬ್ಬಳು ನಮ್ಮನ್ನು ಮೇಪಲ್ ಮರದ ಬೆಲ್ಲ ಕಾಯಿಸುವ ಮನೆಗೆ ಕರೆದೊಯ್ದಳು. ನಮ್ಮ ಹಿರಿಯರು ತಾಳೆಯ ಸಿಹಿನೀರನ್ನು ಬತ್ತಿಸಿ ಓಲೆಬೆಲ್ಲ ಮಾಡಿದಂತೆಯೇ ಇದು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ತುಸು ಬಿಸಿಲು ಇರುವ ಕೆಲವೇ ವಾರಗಳಲ್ಲಿ ಮರದಲ್ಲಿ ರಸ ಜಿನುಗುತ್ತದೆ. ನಾಲ್ವತ್ತು ಲೀಟರು ರಸ ಕುದಿಸಿದರೆ ಒಂದು ಲೀಟರು ಪಾಕ. ಕಾದ ಪಾಕವನ್ನು ಹಿಮದ ಮೇಲೆ ಸುರಿದು, ಗಟ್ಟಿಯಾಗುವಾಗ ಕಡ್ಡಿಗೆ ಸುತ್ತಿ ಚೀಪುತ್ತಾರೆ. ಈ ಹುಡುಗಿ ಒಟ್ಟಾವಾ ನದಿಯ ಒಂಟಾರಿಯೋ ದಡದಲ್ಲಿರುವ ಹಾಕ್ಸ್‌ಬರಿ ಪಟ್ಟಣದವಳು, ಮನೆಮಾತು ಫ್ರೆಂಚ್. ಅವಳಂಥವರು ಆ ಪ್ರಾಂತದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಅವರಿಗೆ 1975ರಿಂದ ತಮ್ಮದೇ ಆದ ಹಸುರು ಬಿಳಿ ಬಾವುಟವಿದೆ. ಪಾಕ ಚೀಪುತ್ತಾ ಮನೆಯಾಕೆ ಮಗಳ ಮೂಲಕ ಅವಳನ್ನು ಒಂದು ಪ್ರಶ್ನೆ ಕೇಳಿದಳು: “ನಿನ್ನ ತಮ್ಮನೊಡನೆ ಜಗಳವಾಡುವುದು ಯಾವ ಭಾಷೆಯಲ್ಲಿ ತಾಯಿ?” ಹುಡುಗಿ ಗೊಳ್ಳೆಂದು ನಕ್ಕಳು. ಬಳಿಕ ಕಡ್ಡಿಯನ್ನು ತಿರುಗಿಸುತ್ತಾ, “ಇಂಗ್ಲಿಷಿನಲ್ಲಿ” ಎಂದಳು. ಶಾಲೆ ಫ್ರೆಂಚ್, ಕಾನೂನು ಬೆಂಬಲಕ್ಕಿದೆ, ಆಸ್ಪತ್ರೆಯಿದೆ, ಆದರೂ ಹಾಗೆಯೇ. ಬೆಂಗಳೂರಿನಲ್ಲಿ ಓದುವ ಮಗಳೂ ಮಂಗಳೂರಿನಲ್ಲಿರುವ ಮಗನೂ ದೂರವಾಣಿಯಲ್ಲಿ ಜಗಳವಾಡುವ ಭಾಷೆ ನಮಗೆ ನೆನಪಾಗದಿರಲಿಲ್ಲ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಲ್ಲಿಯದೆಲ್ಲ ಆದರ್ಶವೆಂದು ಯಾರೂ ತಿಳಿಯಬಾರದು. ಕ್ವಿಬೆಕ್ ಪ್ರಾಂತವು 1977ರ ಭಾಷಾಶಾಸನದಿಂದ ಫ್ರೆಂಚನ್ನು ಭದ್ರಪಡಿಸಿತು, 2022ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಅಲ್ಲಿಯ ಇಂಗ್ಲಿಷ್ ಅಲ್ಪಸಂಖ್ಯಾತರು ಇಂದು ದೂರುವ ರೀತಿ ನಮಗೆ ಚಿರಪರಿಚಿತವಾದುದೇ. ಮೇಲಾಗಿ ಆ ನದಿ, ಆ ನೆಲ, ಒಟ್ಟಾವಾ ಎಂಬ ಹೆಸರು ಯಾವುದೂ ಈ ಇಬ್ಬರದೂ ಅಲ್ಲ. ಅಲ್ಗೊಂಕಿನ್ ಎಂಬ ಮೂಲನಿವಾಸಿಗಳು ಆ ಹೊಳೆಯನ್ನು ಮಹಾನದಿಯೆಂಬ ಅರ್ಥದಲ್ಲಿ ಕಿಚಿ ಸೀಬಿ ಎಂದು ಕರೆಯುತ್ತಿದ್ದರು. ಅವರ ಭಾಷೆಯನ್ನು ನಾವಿದ್ದ ಮೂರು ವಾರಗಳಲ್ಲಿ ಬೀದಿಯಲ್ಲಿ ಒಮ್ಮೆಯೂ ಕೇಳಲಿಲ್ಲ. ಈ ಮಾತು ಹೇಳುವಾಗ ಕೊರಗರ ಭಾಷೆಯನ್ನು ನಾವೆಷ್ಟು ಮಂದಿ ಕಿವಿಗೊಟ್ಟು ಕೇಳಿದ್ದೇವೆಂದು ನಮ್ಮನ್ನು ಯಾರಾದರೂ ಕೇಳಬಹುದು.

ಏಪ್ರಿಲ್ ಮುಗಿಯುತ್ತ ಬಂದಾಗ ಸ್ಯಾಂಡಿ ಹಿಲ್ ಬೀದಿಗಳು ಜಾತ್ರೆ ಕಳೆದ ಗದ್ದೆಯಂತಾದವು. ಬಾಡಿಗೆಯ ಕರಾರುಗಳಲ್ಲಿ ಬಹುಪಾಲು ತಿಂಗಳ ಕೊನೆಗೇ ತೀರುವುದರಿಂದ ವಿದ್ಯಾರ್ಥಿಗಳು ಕುರ್ಚಿ, ಮೇಜು, ಹಾಸಿಗೆ, ದೀಪಗಳನ್ನು ತಂದು ರಸ್ತೆಬದಿಯಲ್ಲಿ ಇಡುತ್ತಾರೆ. ಬೇಕಾದವರು ಕೇಳದೆ ಒಯ್ಯಬಹುದು. ಒಳ್ಳೆಯ ತೇಗದ ಬಣ್ಣದ ಕುರ್ಚಿಯೊಂದನ್ನು ಕಂಡು ನಮ್ಮ ಜೀವ ಚುರುಕ್ಕೆಂದಿತು; ಕಾಸರಗೋಡಿಗೆ ಹೊತ್ತು ತರುವುದೆಂತು! ಮಗಳು ಜನವರಿಯಲ್ಲಿ ಹಳೆಯ ಬಟ್ಟೆಗಳ ಅಂಗಡಿಯಿಂದ ಕೊಂಡ ದಪ್ಪ ಮೇಲಂಗಿಯನ್ನು ಅದೇ ಅಂಗಡಿಗೆ ಕೊಟ್ಟು ಬಂದಳು. ಪೆಟ್ಟಿಗೆಯಲ್ಲಿ ಪುಸ್ತಕ ಇಡುವುದು, ತೂಗುವುದು, ತೆಗೆಯುವುದು ಎರಡು ದಿನ ನಡೆಯಿತು. ಕೊನೆಗೂ ತೆಗೆಯದೆ ಉಳಿದ ಒಂದು ಕಾಗದದ ಕಟ್ಟಿನ ಮೇಲೆ ನಮ್ಮ ಕಣ್ಣು ಬಿತ್ತು. ಅದು ಆ ಸೆಮಿಸ್ಟರಿಗಾಗಿ ಅವಳು ಬರೆದ ಪ್ರಬಂಧ. ವಿಷಯ, 1956ರ ನವೆಂಬರ್ 1ರ ಬಳಿಕ ಕಾಸರಗೋಡಿನ ಕನ್ನಡ ಶಾಲೆಗಳು. ತಾಯಿ ಕಲಿಸಿದ ಶಾಲೆಯಲ್ಲೇ ತಾನು ಕಲಿತುದನ್ನು ಅವಳು ಮೊದಲ ಪುಟದಲ್ಲಿ ಹೇಳಿದ್ದಳು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಮಗಿದನ್ನು ತಿಳಿಸಿರಲಿಲ್ಲ.

“ಇದನ್ನು ಬರೆಯಲು ಇಷ್ಟು ದೂರ ಬರಬೇಕಾಯಿತೇ ಮಗಳೇ?” ಎಂದು ಮನೆಯಾಕೆ ಕೇಳಿದಳು.

“ಅಲ್ಲಿರುವಾಗ ಯಾರೂ ಕೇಳಲಿಲ್ಲ ಅಮ್ಮ. ಇಲ್ಲಿ ಮೊದಲನೆಯ ದಿನವೇ ಕೇಳಿದರು.”

ಡಾಕ್ಟರೇಟಿನ ಮಾತನ್ನು ನಾವು ಎತ್ತಬೇಕೆಂದುಕೊಂಡು ಎತ್ತದೆ ಉಳಿದೆವು. ಅವಳೇ ವಿಮಾನದಲ್ಲಿ ಹೇಳಿದಳು: ಅರ್ಜಿ ಹಾಕುವುದಕ್ಕೆ ಇನ್ನೂ ಸಮಯವಿದೆ, ಹಾಕುವುದಾದರೂ ಈ ವಿಷಯಕ್ಕೇ ಹಾಕುತ್ತೇನೆ, ಹಾಗಾದರೆ ವರ್ಷದಲ್ಲಿ ಕೆಲವು ತಿಂಗಳು ಊರಿನ ಶಾಲೆಗಳಲ್ಲೇ ಕುಳಿತು ಕೆಲಸ ಮಾಡಬೇಕಾಗುತ್ತದೆ. ಇದು ನಮ್ಮನ್ನು ಸಮಾಧಾನಪಡಿಸುವ ಮಾತೋ ನಿಶ್ಚಯದ ಮಾತೋ ಎಂದು ಮನೆಯಾಕೆ ನಮ್ಮ ಕಿವಿಯಲ್ಲಿ ಕೇಳಿದಳು. ನಮಗೂ ತಿಳಿಯಲಿಲ್ಲ.

ಮೇ ತಿಂಗಳಿಡೀ ಮಗಳು ಚಾವಡಿಯಲ್ಲಿ ಕುಳಿತು ಆ ಇಂಗ್ಲಿಷ್ ಪ್ರಬಂಧವನ್ನು ಕನ್ನಡಕ್ಕೆ ಇಳಿಸಿದಳು. ಪದ ಸಿಕ್ಕದಲ್ಲಿ ತಾಯಿಯನ್ನು ಕೂಗುತ್ತಿದ್ದಳು. ತಾಯಿ ಕೈ ಒರಸಿಕೊಂಡು ಬಂದು ಒಂದು ಪದ ಹೇಳುವಳು, ಮಗಳು ಅದು ಹಳತಾಯಿತೆನ್ನುವಳು, ಇಬ್ಬರಿಗೂ ಮಾತು ಬೆಳೆಯುವುದು. ಜೂನ್ ಆರಂಭದಲ್ಲಿ ಶಾಲೆ ತೆರೆದಾಗ ಒಂದು ಪ್ರತಿಯನ್ನು ಅವಳೇ ಹೋಗಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಬಂದಳು. ಆ ವರ್ಷ ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಸೇರಿದ ಮಕ್ಕಳು ಹನ್ನೊಂದು.