ಹರಿಹರಪುರದಲ್ಲಿ ಸೈಕಲ್ ಸವಾರಿ

ಅಪರಿಚಿತವಾದ ಊರೊಂದನ್ನು ಅರಿಯಲು ಮೋಟಾರಿನ ವೇಗ ಹೆಚ್ಚಾಯಿತು, ಕಾಲ್ನಡಿಗೆಯ ವೇಗ ಸಾಲದಾಯಿತು ಎನ್ನುವವರಿಗೆ ಸೈಕಲ್ಲೇ ತಕ್ಕ ವಾಹನ. ಮಲೆನಾಡಿನಲ್ಲಿ ಮಾತ್ರ ಅದನ್ನು ತುಳಿದಷ್ಟೇ ಹೊತ್ತು ತಳ್ಳಲೂ ಬೇಕಾಗುತ್ತದೆ. ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಕಾಣಬೇಕಾದರೆ ಈ ತಳ್ಳುವ ಶ್ರಮವೇ ಹೆಚ್ಚು ಫಲಕಾರಿ.

ಬಯಲುಸೀಮೆಯಿಂದ ಬಂದ ಸವಾರನಿಗೆ ಇಲ್ಲಿಯ ಪೇಟೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. 'ಊರೆಲ್ಲಿ?' ಎಂದು ಅವನು ಕೇಳಿದರೆ ಅಚ್ಚರಿಯಿಲ್ಲ. ಅವನ ಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುತ್ತವೆ, ಹೊಲ ಊರಾಚೆಗೆ. ಮಲೆನಾಡಿನಲ್ಲಾದರೋ ತೋಟವಿದ್ದಲ್ಲಿ ಮನೆ. ಅಡಿಕೆಗೆ ನೀರೂ ತಂಪೂ ಬೇಕಾದುದರಿಂದ ತೋಟವು ಗುಡ್ಡಗಳ ನಡುವಣ ಕಣಿವೆಯನ್ನು ಹಿಡಿಯುತ್ತದೆ. ಅದರ ಬೆನ್ನಿಗೇ ಒಂಟಿಮನೆ. ಊರು ಇರುವುದು ತಿರುವುಗಳ ಹಿಂದೆ.

ಪೇಟೆಯಿಂದ ಮೊದಲು ನದಿಯ ಕಡೆಗೆ ಇಳಿಯುವುದು ಸುಲಭ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಬಳಸಿ ಬಂದ ತುಂಗೆಯು ಇಲ್ಲಿಂದ ತೀರ್ಥಹಳ್ಳಿಗೆ ಸಾಗುತ್ತದೆ. ಮುಂದೆ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ತೀರದಲ್ಲಿ ಹರಿಹರಪುರದ ಮಠವಿದೆ. ದಕ್ಷಯಜ್ಞ ನಡೆದುದು ಇಲ್ಲಿಯೇ ಎಂಬುದು ಸ್ಥಳಪುರಾಣ. ದಕ್ಷಹರ ಸೋಮೇಶ್ವರನ ಹೆಸರಿನಲ್ಲಿ ಆ ಕಥೆ ಉಳಿದುಬಂದಿದೆ. ಶಾರದೆ ಮತ್ತು ಲಕ್ಷ್ಮೀನರಸಿಂಹರ ನೂತನ ಶಿಲಾದೇಗುಲಕ್ಕೆ 2022ರಲ್ಲಿ ಕುಂಭಾಭಿಷೇಕ ನಡೆಯಿತು. ಯಾತ್ರಿಕರು ಬಹುಮಟ್ಟಿಗೆ ಇಲ್ಲಿಂದಲೇ ಹಿಂತಿರುಗುತ್ತಾರೆ.

ಸೈಕಲ್ ಸವಾರನು ಹಿಂತಿರುಗಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ, ಮಳೆಯ ಕೆಸರು ಆರಿದಾಗ, ಮಣ್ಣಿನ ದಾರಿಗಳು ಅವನಿಗೆ ತೆರೆದಿರುತ್ತವೆ. ಅದೇ ಅಡಿಕೆ ಕೊಯ್ಲಿನ ಕಾಲ. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು, ಚೊಗರಿನಲ್ಲಿ ಬೇಯುವ ಅಡಿಕೆಯ ಒಗರು ವಾಸನೆ, ಅಂಗಳದ ಚಪ್ಪರದ ಮೇಲೆ ಹರಡಿದ ಕೆಂಪು ರಾಶಿ ಇವೆಲ್ಲ ಕಾಣಸಿಗುವುದು ಆಗಲೇ. 'ಆಸರಿಗೆ ಏನು ಬೇಕು?' ಎಂದು ಕೇಳಿ ಮನೆಯವರು ಬೆಲ್ಲ ನೀರು ತಂದಿಡುತ್ತಾರೆ.

ಆ ಜಗಲಿಯ ಮಾತು ಬೇಗನೆ ತೋಟದ ಕಡೆಗೆ ಹೊರಳುತ್ತದೆ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವುಂಟು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟಗಳನ್ನು ಹಿಡಿದ ಹಳದಿ ಎಲೆ ರೋಗವನ್ನು ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಎಲೆಯ ತುದಿ ಹಳದಿಯಾಗುತ್ತದೆ, ಸೋಗೆ ಗಿಡ್ಡವಾಗುತ್ತದೆ, ಫಸಲು ಇಳಿಯುತ್ತದೆ. ಮರ ಒಮ್ಮೆಗೇ ಸಾಯುವುದಿಲ್ಲ. ಅದೇ ಬೆಳೆಗಾರನ ಸಂಕಟ. ಕಡಿದು ಬೇರೆ ಬೆಳೆ ಇಡುವುದೋ, ಇನ್ನೊಂದು ವರ್ಷ ಕಾಯುವುದೋ? ಮಕ್ಕಳು ಬೆಂಗಳೂರಿನಲ್ಲಿದ್ದರೆ ಈ ಪ್ರಶ್ನೆ ಮತ್ತಷ್ಟು ಭಾರವಾಗುತ್ತದೆ.

ಹೆದ್ದಾರಿಯ ಬಸ್ಸಿನ ಕಿಟಕಿಗೆ ಮಲೆನಾಡೆಲ್ಲ ಒಂದೇ ಹಸುರು. ಏರಿನಲ್ಲಿ ಸೈಕಲ್ ತಳ್ಳುತ್ತ ನಿಂತು ಉಸಿರು ತೆಗೆದುಕೊಳ್ಳುವವನಿಗೆ ಮಾತ್ರ, ಆ ಹಸುರಿನ ನಡುವೆ ಯಾವ ತೋಟ ಹಳದಿಗೆ ತಿರುಗಿದೆ ಎಂಬುದು ಕಾಣುತ್ತದೆ. ಇಳಿಜಾರಿನಲ್ಲಿ ಮರಳುವಾಗ ಬ್ರೇಕು ಗಟ್ಟಿಯಾಗಿರಲಿ. ಕತ್ತಲೆ ಇಲ್ಲಿ ಬೇಗ ಇಳಿಯುತ್ತದೆ.