ತೊಟ್ಟಿಲಿನ ಒಂದು ಕೋಲು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕಾರಣ ಹೇಳಿದ್ರೆ ನಗ್ತೀರಿ. ಮೂರು ತಿಂಗಳಿಂದ ಒಂದು ಕೋಲು ಮಾಡ್ತಾ ಇದ್ದೆ. ಒಂದೇ ಒಂದು ಕೋಲು! ಉದ್ದ ಹದಿನಾಲ್ಕು ಇಂಚು, ದಪ್ಪ ಜಾಸ್ತಿ ಇರೋ ಕಡೆ ಒಂದೂಕಾಲು ಇಂಚು.

ಮರಗೆಲಸದ ಹುಚ್ಚು ಹತ್ತಿಸಿಕೊಂಡ ಗೆಳೆಯರು ನಾವು ನಾಲ್ಕೈದು ಜನ ಬೆಂಗಳೂರಲ್ಲಿದ್ದೀವಿ. ಒಬ್ಬ ಸಾಗವಾನಿಯಲ್ಲಿ ತೂಗುಕುರ್ಚಿ ಮಾಡಿ ಫೋಟೋ ಕಳಿಸ್ತಾನೆ. ಇನ್ನೊಬ್ಬಳು ಹಲಸಿನ ಮರದಲ್ಲಿ ಬಟ್ಟಲು ಕಡೆದು ತೋರಿಸ್ತಾಳೆ (ಅದರಲ್ಲಿ ಏನೂ ಇಡೋ ಹಾಗಿಲ್ಲ, ಬರೀ ನೋಡಬೇಕು). ನಾನೂ ಎರಡು ವರ್ಷದ ಹಿಂದೆ ಬಾಲ್ಕನಿಯಲ್ಲಿ ಒಂದು ಸಣ್ಣ ಲೇತ್ ಇಟ್ಕೊಂಡೆ. ಲಟ್ಟಣಿಗೆ, ಬುಗುರಿ, ಪೆನ್ನು ಅಂತ ಏನೇನೋ ಕಡೆದೆ. ಕೆಳಗಿನ ಮನೆಯವರು ಮಾತು ಬಿಟ್ಟಿದ್ದು ಬಿಟ್ರೆ ಬೇರೇನೂ ನಷ್ಟ ಆಗಿಲ್ಲ :)

ಈ ಕೋಲಿನ ಕಥೆ ಶುರುವಾಗಿದ್ದು ಮಾರ್ಚಿನಲ್ಲಿ, ತಂಗಿಯ ಕುಬಸಕ್ಕೆ ಊರಿಗೆ ಹೋದಾಗ. ನಮ್ಮೂರು ಹಿಟ್ನಾಳ. ಹೊಸಪೇಟೆಯಿಂದ ಕೊಪ್ಪಳಕ್ಕೆ ಹೋಗೋರಿಗೆ ಟೋಲ್ ಗೇಟಿನಿಂದ ಗೊತ್ತು, ಹುಲಿಗೆಮ್ಮನ ಗುಡಿಗೆ ಹೋಗೋರಿಗೆ ಅದರ ಪಕ್ಕದ ಊರಾಗಿ ಗೊತ್ತು. ಉಡಿ ತುಂಬಿ, ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ ನಾನು ಅಟ್ಟ ಹತ್ತಿ ಹಳೇ ತೊಟ್ಟಿಲು ಇಳಿಸಿದೆ. ಅದು ನಮ್ಮಜ್ಜಿ ತವರಿಂದ ಬಂದಿದ್ದು. "ಕಲಘಟಗಿ ತೊಟ್ಟಲಾ ಇದು, ಸಂತ್ಯಾಗ ತಂದಿದ್ದಲ್ಲ" ಅಂತ ಅಜ್ಜಿ ಸಾಯೋತನಕ ಹೇಳ್ತಿದ್ಲು. ಸುತ್ತಲೂ ಲೇತಿನಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಕೋಲುಗಳು. ಆ ಕೆಂಪು ಈಗ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಅಪ್ಪ, ನಾನು, ತಂಗಿ ಎಲ್ಲರೂ ಅದರಲ್ಲೇ ಮಲಗಿ ಎದ್ದವರು.

ಅವ್ವ ಅಡುಗೆಮನೆಯಿಂದ ಬಂದವಳು ತೊಟ್ಟಿಲು ನೋಡಿ ಅಲ್ಲೇ ನಿಂತಳು.

"ಅದನ್ನ ಯಾಕ ಇಳಿಸಿದ್ಯೋ? ಮ್ಯಾಲಿಡು."

"ಒರೆಸಿ ಇಡೋಣ ಅಂತಬೇ."

"ಬ್ಯಾಡ. ಒಂದು ಕೋಲು ಇಲ್ಲ ಅದಕ್ಕ. ಊನಾದ ತೊಟ್ಟಲದಾಗ ಕೂಸು ಹಾಕಬಾರ್ದು. ಹ್ವಾದ ಸಲ ನಾನ ಇಳಿಸಿ ಒರಸಿ ಇಟ್ಟಿದ್ದೆ..."

ಮಾತು ಅಲ್ಲಿಗೇ ನಿಂತಿತು. ಹೋದ ಸಲ ಅಂದ್ರೆ ಎರಡು ವರ್ಷದ ಹಿಂದೆ. ತಂಗಿಗೆ ಆರು ತಿಂಗಳಿಗೇ ಕೈತಪ್ಪಿ ಹೋಗಿತ್ತು. ಡಾಕ್ಟರು ಏನೇನೋ ಕಾರಣ ಹೇಳಿದ್ರು. ಅವ್ವನ ತಲೆಯಲ್ಲಿ ಮಾತ್ರ ಈ ತೊಟ್ಟಿಲು ಕೂತಿತ್ತು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಸ್ಟೀಲಿಂದು ಹೊಸದು ತರೋಣ ಅಂದಳು.

ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಹೊಟ್ಟೆಯಲ್ಲಿ ಕಲ್ಲು ಹಾಕಿದಂಗಾಯ್ತು. ಯಾಕಂದ್ರೆ ಆ ಕೋಲು ಕಿತ್ತವನು ನಾನೇ.

1996ರ ಮಾರ್ಚ್ 9 ನೆನಪಿದೆಯಾ? ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ ವಿಶ್ವಕಪ್ ಕ್ವಾರ್ಟರ್ ಫೈನಲ್. ಆಮಿರ್ ಸೊಹೇಲ್ ಫೋರ್ ಹೊಡೆದು ಬ್ಯಾಟ್ ತೋರಿಸಿದ, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಗರಿಸಿದ್ರು. ಮರುದಿನದಿಂದ ನಮ್ಮ ಓಣಿಯ ಹುಡುಗರಿಗೆಲ್ಲ ಎಗರೋ ಸ್ಟಂಪೇ ಬೇಕು. ಗೋಡೆ ಮೇಲೆ ಇದ್ದಲಿಯಲ್ಲಿ ಬರೆದದ್ದು ಎಗರ್ತದಾ? ನನಗೆ ಆಗ ಹತ್ತು ವರ್ಷ. ಅಟ್ಟದ ಮೇಲಿನ ತೊಟ್ಟಿಲಲ್ಲಿ ಒಂದು ಕೋಲು ಸ್ವಲ್ಪ ಅಲ್ಲಾಡ್ತಿತ್ತು. ತಿರುವಿ ತಿರುವಿ ಎಳೆದೆ. ತಳದ ತುದಿ ಮುರಿದು ತೂತಿನಲ್ಲೇ ಉಳೀತು, ಕೋಲು ಕೈಗೆ ಬಂತು. ಬೇಸಿಗೆ ಮುಗಿಯೋದರೊಳಗೆ ಅದು ಸೀಳಿ ಒಲೆ ಸೇರಿತ್ತು. ಮನೆಯಲ್ಲಿ ಇಲಿ ಕಡಿದಿರಬೇಕು, ಹುಳ ತಿಂದಿರಬೇಕು ಅಂದ್ಕೊಂಡ್ರು. ನಾನು ಬಾಯಿ ಬಿಡಲಿಲ್ಲ.

ಹಾಗಾಗಿ ಅವತ್ತು ಅವ್ವನಿಗೆ ಹೇಳಿದೆ, "ನಾ ಕೋಲು ಮಾಡ್ತೀನಿ. ಊನ ಇಲ್ಲದಂಗ ಮಾಡಿಕೊಟ್ರ ಹಾಕ್ತಿಯಿಲ್ಲ?" ಅವ್ವ ಹ್ಞೂ ಅನ್ನಲಿಲ್ಲ, ಉಹ್ಞೂ ಅಂತಲೂ ಅನ್ನಲಿಲ್ಲ.

ಮೊದಲನೇ ಕೋಲು. ಹಿತ್ತಲಲ್ಲಿ ಕಡಿದು ಹಾಕಿದ್ದ ಬೇವಿನ ಟೊಂಗೆಯನ್ನೇ ಬೆಂಗಳೂರಿಗೆ ಒಯ್ದೆ. ನಮ್ಮನೆ ಗಿಡ, ನಮ್ಮನೆ ತೊಟ್ಟಿಲು ಅನ್ನೋ ಸೆಂಟಿಮೆಂಟು. ಹಸಿ ಮರ ಕಡೆಯೋದು ಎಷ್ಟು ಸುಖ ಗೊತ್ತಾ? ಉಳಿ ಇಟ್ರೆ ಸಾಕು, ಉದ್ದುದ್ದ ಸುರುಳಿಯಾಗಿ ಬರ್ತದೆ, ಮುಖಕ್ಕೆ ರಸ ಹಾರ್ತದೆ. ಒಂದು ಗಂಟೆಯಲ್ಲಿ ಕೋಲು ತಯಾರು. ಹದಿನೈದು ದಿನಕ್ಕೆ ಉದ್ದಕ್ಕೂ ಸೀಳು ಬಿಟ್ಟಿತು. ಹೊರಗಿನ ಪದರ ಬೇಗ ಒಣಗಿ ಕುಗ್ಗೋಕೆ ನೋಡ್ತದೆ, ಒಳಗಿನ್ನೂ ಹಸಿ, ಅದು ಬಿಡೋದಿಲ್ಲ. ಆಗ ಮರ ಬಾಯಿ ಬಿಡ್ತದೆ. ಇನ್ನೊಂದು ತಮಾಷೆ ಅಂದ್ರೆ ಅದು ದುಂಡಗೂ ಉಳಿದಿರಲಿಲ್ಲ. ಕ್ಯಾಲಿಪರ್ ಹಿಡಿದ್ರೆ ಒಂದು ಕಡೆ 32 ಮಿ.ಮೀ., ಅಡ್ಡ ತಿರುಗಿಸಿದ್ರೆ 30.5. ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗೋದಿಲ್ಲ. ಒಳಗೆ ವರ್ಷದ ಬಳೆಗಳು ಇರ್ತಾವಲ್ಲ, ಆ ಬಳೆಯ ಗುಂಟ ಕುಗ್ಗೋದು ಹೆಚ್ಚು. ನಡುವಿನಿಂದ ತೊಗಟೆ ಕಡೆಗೆ ಕುಗ್ಗೋದು ಹೆಚ್ಚುಕಮ್ಮಿ ಅದರ ಅರ್ಧ. ಇದನ್ನ ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಬೇರೆ, ಕೈಯಲ್ಲಿ ಹಿಡಿದು ನೋಡಿದ್ದು ಬೇರೆ.

ಎರಡನೇ ಸಲ ಬುದ್ಧಿ ಬಂದಿತ್ತು. ಹಳೇ ಮನೆ ಕೆಡವಿದ ಸಾಮಾನು ಮಾರೋ ಅಂಗಡಿಯಿಂದ ಸಾಗವಾನಿ ಬಾಗಿಲ ಚೌಕಟ್ಟಿನ ತುಂಡು ತಂದೆ. ಎಷ್ಟು ವರ್ಷ ಒಣಗಿದ್ದೋ, ಬಡಿದ್ರೆ ಟಣ್ ಅನ್ನೋದು. ಉಳಿದ ಕೋಲುಗಳ ಫೋಟೋ, ಅಳತೆ ಎಲ್ಲ ಇಟ್ಕೊಂಡು ಮೂರು ಭಾನುವಾರ ಕೂತೆ. ಒಂದು ಉಬ್ಬು, ಎರಡು ಸಣ್ಣ ಗೀರು, ಒಂದು ಕುಂಭ, ಮತ್ತೆ ಗೀರು... ಕಡೀತಾ ಕಡೀತಾ ಥಟ್ಟನೆ ಹೊಳೀತು, ಇದನ್ನ ನಾನು ಇಟಗಿಯಲ್ಲಿ ನೋಡಿದ್ದೀನಿ!

ಕುಕನೂರಿನ ಹತ್ರದ ಇಟಗಿಯ ಮಹಾದೇವ ದೇವಾಲಯಕ್ಕೆ ನೀವು ಹೋಗಿಲ್ಲ ಅಂದ್ರೆ ಹೋಗಿ ಬನ್ನಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನದಲ್ಲಿ ಅದಕ್ಕೆ ದೇವಾಲಯ ಚಕ್ರವರ್ತಿ ಅಂತ ಹೆಸರು. ಅಲ್ಲಿನ ಕಂಬಗಳನ್ನ ಕಲ್ಲನ್ನೇ ತಿರುಗಿಸಿ ಕಡೆದಿದ್ದಾರೆ. ಬಳಪದ ಕಲ್ಲು ಮೆತ್ತಗೆ ಇರೋದರಿಂದ ಅದು ಸಾಧ್ಯ ಆಯ್ತು. ಮೈಸ್ಕೂಲ್ ಟ್ರಿಪ್ಪಿನಲ್ಲಿ ಹೋದಾಗ ನಾವು ಆ ಕಂಬದ ಗೀರುಗಳ ಮೇಲೆ ಬೆರಳಾಡಿಸ್ತಾ ಓಡಿದ್ವಿ, ಮಾಸ್ತರು ಕಿವಿ ಹಿಂಡಿದ್ರು. ಟನ್ನುಗಟ್ಟಲೆ ಕಲ್ಲು ಸುತ್ತಿಸಿ ಕಡೆದವರ ನಾಡಿನಲ್ಲಿ ಹುಟ್ಟಿ ನಾನು ಒಂದು ತೊಟ್ಟಿಲ ಕೋಲಿಗೆ ಒದ್ದಾಡ್ತಿದ್ದೆ.

ಇನ್ನು ಬಣ್ಣ. ಕೂಸು ಕೋಲು ಕಚ್ಚದೆ ಬಿಡೋದಿಲ್ಲ, ಹಾಗಾಗಿ ಡಬ್ಬಿ ಪೇಂಟು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಚನ್ನಪಟ್ಟಣಕ್ಕೆ ಹೋಗಿ ಅರಗಿನ ಕಡ್ಡಿ ತಂದೆ. ಅಲ್ಲಿಯವರು ಆಲೆ ಮರದ ಗೊಂಬೆ ಲೇತಿನಲ್ಲಿ ತಿರುಗ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಮಿರುಗಿಸ್ತಾರೆ (ಹೆಸರು ತಾಳೆಗರಿ, ಎಲೆ ಕೇದಗೆ ಜಾತಿ ಗಿಡದ್ದು). ನೋಡೋಕೆ ಎರಡು ನಿಮಿಷದ ಕೆಲಸ. ನಾನು ಮಾಡಿದಾಗ ಅರಗು ಸುಟ್ಟ ಬೆಲ್ಲದ ಹಾಗೆ ಗಂಟುಗಂಟಾಗಿ ಕೂತಿತು. ಕೆರೆದು ಮತ್ತೆ ಹಚ್ಚಿದೆ, ಮತ್ತೆ ಕೆರೆದೆ. ನಾಲ್ಕನೇ ಸಲಕ್ಕೆ ಹಿಡೀತು.

ಏಪ್ರಿಲ್ ಕೊನೆಗೆ ಕೋಲು ಟವೆಲಲ್ಲಿ ಸುತ್ಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಊರಲ್ಲಿ ಬಿಸಿಲು ಅಂದ್ರೆ ಬಿಸಿಲು. ಮುರಿದು ಉಳಿದಿದ್ದ ತುಂಡನ್ನ ತೂತಿನಿಂದ ಕೆದರಿ ತೆಗೆದೆ. ಕೋಲಿನ ತುದಿ ಇಟ್ಟು ನೋಡಿದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಬೆಳಕು ಕಾಣ್ತಿದೆ! ನನ್ನ ಕೋಲು ಪರ್ಫೆಕ್ಟ್ ದುಂಡು. ತೂತು ದುಂಡಗಿಲ್ಲ. ಅಷ್ಟು ವರ್ಷದ ಬಿಸಿಲು ಮಳೆ ಉಂಡ ಮರ, ತೂತನ್ನೇ ಮೊಟ್ಟೆ ಆಕಾರಕ್ಕೆ ಎಳೆದುಬಿಟ್ಟಿದೆ. ನನ್ನ ಬೇವಿನ ಕೋಲಿಗೆ ಹದಿನೈದು ದಿನದಲ್ಲಿ ಆದದ್ದೇ ಇದಕ್ಕೂ ನಿಧಾನಕ್ಕೆ ಆಗಿತ್ತು.

ಅವ್ವ ದೂರದಿಂದಲೇ ನೋಡಿ, "ಕೂರವಲ್ದೇನು?" ಅಂದಳು. ಬೇರೇನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮರುದಿನ ಬೈಕ್ ತಗೊಂಡು ಕಿನ್ನಾಳಕ್ಕೆ ಹೋದೆ. ಕೊಪ್ಪಳದಿಂದ ಹನ್ನೆರಡು ಹದಿಮೂರು ಕಿಲೋಮೀಟರು. ಮರದ ಗೊಂಬೆಗೆ ಹೆಸರಾದ ಊರು, ಜಿಐ ಮಾನ್ಯತೆ ಸಿಕ್ಕ ಕಲೆ. ನನ್ನ ತಲೆಯಲ್ಲಿ ಗೊಂಬೆ ಅಂದ್ರೆ ಲೇತ್ ಅಂತಲೇ ಇತ್ತು. ಅಲ್ಲಿ ಚಿತ್ರಗಾರರ ಮನೆಯೊಂದರಲ್ಲಿ ಒಬ್ಬ ಹಿರಿಯರು ಗರುಡನ ರೆಕ್ಕೆ ಕೆತ್ತುತ್ತ ಕೂತಿದ್ರು. ಲೇತೂ ಇಲ್ಲ, ಏನೂ ಇಲ್ಲ. ಹಗುರ ಮರ, ಉಳಿ, ಅಷ್ಟೇ. ತುಂಡುತುಂಡಾಗಿ ಕೆತ್ತಿ ಜೋಡಿಸಿ, ಸಂದಿಗೆ ಕಿಟ್ಟ ತುಂಬ್ತಾರೆ. ಗೋಣಿನಾರಿನ ಚಿಂದಿ ನೆನೆಹಾಕಿ, ಒಣಗಿಸಿ, ಕುಟ್ಟಿ ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ಅದರ ಮೇಲೆ ಬಟ್ಟೆ, ಬಟ್ಟೆ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಜೋಡಿಸಿದ್ದು ಎಲ್ಲಿ ಅಂತ ಹುಡುಕಿದ್ರೂ ಸಿಗೋದಿಲ್ಲ. (ಇದೇ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ನಾನೂರು ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಹಾಕಿದ್ರು. ಅದರ ಬಗ್ಗೆ ಕೇಳಬೇಕು ಅನ್ನಿಸಿತು. ಆದ್ರೆ ಅವರು ಕೆಲಸದಲ್ಲಿದ್ರು, ಸುಮ್ಮನಾದೆ.)

ನನ್ನ ಕೋಲು ಕೈಗೆ ತಗೊಂಡು ತಿರುಗಿಸಿ ನೋಡಿದ್ರು.

"ಚೊಲೋ ಕಡದೀರಿ. ಏನಾತು?"

"ತೂತು ವಾರಿ ಆಗೇತ್ರಿ ಅಜ್ಜಾರ, ಕೂರವಲ್ದು. ತೂತು ದುಂಡಗ ಕೊರೀಲಾ?"

"ಹಳೇ ತೊಟ್ಟಲಾ ಯಾಕ ಕೊರಿತೀರಿ? ಕೋಲಿನ ತುದಿ ಕೆತ್ರಿ. ತೂತು ಹೆಂಗೈತಿ ಹಂಗ ಕೆತ್ರಿ. ಉಳದ ಸಂದಿಗೆ ಇದನ್ನ ತುಂಬ್ರಿ."

ಎಲೆಯಲ್ಲಿ ಒಂದು ಮುಷ್ಟಿ ಕಿಟ್ಟ ಕಟ್ಟಿಕೊಟ್ರು. ದುಡ್ಡು ಕೇಳಿದ್ದಕ್ಕೆ ಅಂಗೈ ಅಲ್ಲಾಡಿಸಿದ್ರು. ಒಂದು ಗಿಳಿ ಕೊಂಡೆ, ಅದಕ್ಕೆ ಮಾತ್ರ ತಗೊಂಡ್ರು.

ಸಂಜೆ ಅಂಗಳದಲ್ಲಿ ಕೂತು ಚಾಕುವಿನಿಂದ ತುದಿ ಕೆತ್ತಿದೆ. ಮೂರು ಭಾನುವಾರ ಕೂತು ತಂದ ದುಂಡನ್ನ ನಾನೇ ಕೆಡಿಸೋದು! ಎರಡೂ ತುದಿ ಕೂತವು. ಆದ್ರೆ ಹೊಸ ಪೀಕಲಾಟ. ತೊಟ್ಟಿಲಿನ ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಎರಡೂ ಗಟ್ಟಿಯಾಗಿ ನಿಂತಿವೆ. ನಡುವೆ ಕೋಲು ಸೇರಿಸೋದು ಹೆಂಗೆ? ಇಡೀ ತೊಟ್ಟಿಲು ಬಿಚ್ಚಿದ್ರೆ ಮತ್ತೆ ಕೂಡ್ತದೆ ಅನ್ನೋ ಧೈರ್ಯ ನನಗಿರಲಿಲ್ಲ.

ಅಪ್ಪ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ತಾ ಇದ್ದರು. "ಮ್ಯಾಲಿನ ತೂತು ಒಂದ್ ಬೆರಳು ಆಳ ಮಾಡು. ಕೋಲು ಮ್ಯಾಲ ನುಗಿಸಿ ತಳಗ ಬಿಡು. ತಳಗಿನ ತೂತಿನ್ಯಾಗ ಕುಂತ ಮ್ಯಾಲ ಒಂದು ಬೆಣಿ ಹೊಡಿ. ಕೂರಿಗಿ ಕೊಳವಿ ಹಾಕೂದ ಹಂಗಲ್ಲೇನು" ಅಂದ್ರು.

ಹಾಗೇ ಮಾಡಿದೆ. ಸರ್ರನೆ ಜಾರಿ ಕೂತಿತು. ಬೆಣೆ ಹೊಡೆದು ಕಿಟ್ಟ ತುಂಬಿದೆ. ಆ ಖುಷಿಯಲ್ಲೋ ಏನೋ, ಕೂರಿಗೆ ಅನ್ನೋ ಮಾತು ಕಿವಿಗೆ ಬಿದ್ದಿದ್ದಕ್ಕೋ ಏನೋ, ಬಾಯಿಂದ ಬಂದುಬಿಡ್ತು.

"ಅಪ್ಪಾ, ಈ ಕೋಲು ನಾನ ಕಿತ್ತಿದ್ದು. ಕ್ರಿಕೆಟ್ ಆಡಾಕ, ಸ್ಟಂಪ್ ಮಾಡಿದ್ದೆ."

ಅವ್ವ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿದ್ರು.

"ಸ್ಟಂಪ್ ಮೂರಿರ್ತಾವಲ್ಲೋ. ಉಳದ ಎರಡು ಎಲ್ಲಿವು?"

ನಾನು ಸುಮ್ಮನೆ ಕೂತೆ. ಉಳಿದೆರಡು ಕೂರಿಗೆಯ ಬಿದಿರಿನ ಕೊಳವೆಗಳು. ಹಕ್ಕೆಯಲ್ಲಿ ಬಿಚ್ಚಿಟ್ಟಿದ್ದ ಕೂರಿಗೆಯಿಂದ ತಗೊಂಡು ಹೋಗಿದ್ದೆ. ಬೇಸಿಗೆ ಮುಗಿಯೋ ಹೊತ್ತಿಗೆ ಅವೂ ಸೀಳಿ ಹೋಗಿದ್ವು.

ಅಪ್ಪನಿಗೆ ಎಲ್ಲ ನೆನಪಿತ್ತು. ಆ ವರ್ಷ ರೋಹಿಣಿ ಮಳೆ ಸುರಿದು ಬಿತ್ತನೆಗೆ ಅಂತ ಕೂರಿಗೆ ತೆಗೆದ್ರೆ ಎರಡು ಕೊಳವೆ ಇಲ್ಲ. ಹಿಂದಿನ ತಿಂಗಳಷ್ಟೇ ಅದನ್ನ ರಿಪೇರಿ ಮಾಡಿಕೊಟ್ಟವರು ನಮ್ಮ ಓಣಿಯ ಬಡಿಗೇರ ಕಾಕಾ. "ನಾ ಎಲ್ಲಾ ಹಾಕೇ ಕೊಟ್ಟಿದ್ನೆಪಾ" ಅಂತ ಅವರು ಎಷ್ಟು ಹೇಳಿದ್ರೂ ಅಪ್ಪ ಕೇಳಿರಲಿಲ್ಲ. ಹದ ತಪ್ಪಿದ ಸಿಟ್ಟು. ಆಗಿನ್ನೂ ನಮ್ಮ ಕಡೆ ಬಡಿಗೇರರಿಗೆ ದುಡ್ಡಿನ ಲೆಕ್ಕ ಇರಲಿಲ್ಲ, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯ ಅಂತ ಕಾಳು ಕೊಡೋದು.

"ಆ ವರ್ಷ ಅರ್ಧಾ ಆಯ ಕೊಟ್ಟೆ ಅವಗ" ಅಂದ್ರು ಅಪ್ಪ. "ಎರಡನೇ ಮಾತು ಆಡದ ತಗೊಂಡು ಹ್ವಾದ."

ಬಡಿಗೇರ ಕಾಕಾ ತೀರಿ ಹೋಗಿ ಒಂಬತ್ತು ವರ್ಷ ಆಯ್ತು.

ರಾತ್ರಿ ಊಟ ಮಾಡುವಾಗಲೂ ಅಪ್ಪ ಮಾತಾಡಲಿಲ್ಲ. ಅವ್ವ ಮಾತ್ರ ಕೈತೊಳೆದು ಬಂದು ತೊಟ್ಟಿಲ ಮುಂದೆ ಕೂತು ಹೊಸ ಕೋಲನ್ನ ಎರಡು ಸಲ ಅಲ್ಲಾಡಿಸಿ ನೋಡಿದಳು. "ಹುಳಾ ತಿಂದಿರಲಿಲ್ಲ ಹಂಗಾರ" ಅಂದಳು, ಯಾರಿಗೂ ಅಲ್ಲ ಅನ್ನೋ ಹಾಗೆ. ಬೆಳಿಗ್ಗೆ ನೋಡಿದ್ರೆ ತೊಟ್ಟಿಲಿಗೆ ಕೊಬ್ಬರಿ ಎಣ್ಣೆ ಒರೆಸಿ ಬಿಸಿಲು ತಾಗದ ಕಡೆ ಇಟ್ಟಿದ್ಲು.

ಅಪ್ಪ ಅಷ್ಟೊತ್ತಿಗಾಗಲೇ ಒಂದು ಚೀಲ ಜೋಳ ಗಾಡಿ ಮೇಲೆ ಹಾಕ್ಕೊಂಡು ಹೊರಟಿದ್ರು. ಬಡಿಗೇರ ಕಾಕಾನ ಮಗ ಈಗ ಹೊಸಪೇಟೆಯಲ್ಲಿ ಪ್ಲೈವುಡ್ ಕೆಲಸ ಮಾಡ್ತಾರೆ, ಮನೆ ಇಲ್ಲೇ ಇದೆ. "ಈಗ ಆಯ ಯಾರ್ ಕೊಡ್ತಾರ್ರೀ ಮಾವಾ, ನಮ್ಮ ಮನ್ಯಾಗ ಜೋಳದ ರೊಟ್ಟಿ ತಿನ್ನಾವ್ರೂ ಇಲ್ಲ" ಅಂತ ನಕ್ಕರಂತೆ. ಯಾಕೆ ಅಂತ ಅಪ್ಪ ಹೇಳಿದ್ರೋ ಇಲ್ಲವೋ ನಾನು ಕೇಳಲಿಲ್ಲ. ಚೀಲ ಅಂತೂ ವಾಪಸ್ ಬರಲಿಲ್ಲ.

ಮೇ ಎರಡನೇ ವಾರ ಹೆಣ್ಣುಮಗು ಹುಟ್ಟಿತು. ಎರಡೂ ಮುಕ್ಕಾಲು ಕೆ.ಜಿ., ಗಂಟಲು ಮಾತ್ರ ಐದು ಕೆ.ಜಿ. ಹೆಸರಿಡೋ ದಿನ ಅವ್ವನೇ ಮುಂದೆ ನಿಂತು ತೊಟ್ಟಿಲು ಕಟ್ಟಿಸಿದಳು. ಕಿನ್ನಾಳದ ಗಿಳಿಯನ್ನ ಮೇಲೆ ತೂಗುಬಿಟ್ಟಿದ್ದೆ.

ಬಡಿಗೇರ ಕಾಕಾನ ಮಗನೂ ಬಂದಿದ್ರು. ಹೆಂಗಸರ ಗದ್ದಲ ಕಮ್ಮಿ ಆದ ಮೇಲೆ ತೊಟ್ಟಿಲ ಹತ್ರ ಬಂದು, ಮಲಗಿದ್ದ ಕೂಸಿನ ಕಡೆ ಒಂದು ಸಲ ನೋಡಿ, ಕೋಲುಗಳ ಮೇಲೆ ಒಂದೊಂದಾಗಿ ಬೆರಳಾಡಿಸ್ತಾ ಹೋದ್ರು. ನನ್ನ ಕೋಲಿನ ಹತ್ರ ಬೆರಳು ನಿಂತಿತು.

"ಇದು ಹೊಸಾದಲ್ರೀ?"

ಬಣ್ಣ ಹೊಂದಿಸೋಕೆ ನಾಲ್ಕು ಸಲ ಕೆರೆದು ಹಚ್ಚಿದ್ದೆ. ಬೇಜಾರಾಯ್ತು. "ಹೆಂಗ ಗೊತ್ತಾತ್ರಿ?" ಅಂದೆ.

"ಇದೊಂದ ದುಂಡಗೈತಿ ನೋಡ್ರಿ."